ನೋ-ಹಿಟರ್ ಪಂದ್ಯವನ್ನು ನೋಡುವುದು, ದಾಖಲಿಸುವುದು ಹೇಗೆ: ಹಿಟ್ ಮತ್ತು ಎರರ್ ತೀರ್ಪಿನ ಸಮಗ್ರ ಮಾರ್ಗದರ್ಶಿ

1952ರ ಆಗಸ್ಟ್ 25ರಂದು ನ್ಯೂಯಾರ್ಕ್‌ನ ಯಾಂಕೀ ಸ್ಟೇಡಿಯಂನ ಬೇಸ್‌ಬಾಲ್ ಪಂದ್ಯದಲ್ಲಿ ಡೆಟ್ರಾಯ್ಟ್ ಟೈಗರ್ಸ್ ತಂಡದ ಪಿಚರ್ ವರ್ಜಿಲ್ ಟ್ರಕ್ಸ್ ಚೆಂಡೆಸೆಯುತ್ತಿದ್ದರು. ಮೂರನೇ ಇನಿಂಗ್‌ನಲ್ಲಿ (ಎರಡೂ ತಂಡಗಳು ಒಂದೊಂದು ಸರದಿ ಬ್ಯಾಟ್ ಮಾಡುವ ಸುತ್ತು) ಯಾಂಕೀಸ್‌ನ ಫಿಲ್ ರಿಜ್ಜುಟೊ ಹೊಡೆದ ಚೆಂಡು ನೆಲದ ಮೇಲೆ ಪುಟಿಯುತ್ತ ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಜಾನಿ ಪೆಸ್ಕಿಯವರ ಕಡೆ ಹೋಯಿತು. ಅವರು ಅದನ್ನು ತಡೆದರಾದರೂ ಎಸೆಯಲು ಹೊರಟಾಗ ಚೆಂಡು ಕೈಗೆ ಸರಿಯಾಗಿ ಸಿಗಲಿಲ್ಲ. ಅಷ್ಟರಲ್ಲಿ ರಿಜ್ಜುಟೊ, ಬ್ಯಾಟರ್ ಔಟಾಗದೆ ಓಡಿ ತಲುಪಬೇಕಾದ ಮೊದಲ ಬೇಸ್ ಮುಟ್ಟಿದ್ದರು. ಅಂದಿನ ಅಧಿಕೃತ ಸ್ಕೋರರ್ ಆಗಿದ್ದವರು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರದಿಗಾರ ಜಾನ್ ಡ್ರೆಬಿಂಜರ್. ಅವರು ಮೊದಲು ಇದನ್ನು ಎರರ್, ಅಂದರೆ ಫೀಲ್ಡರ್‌ನ ತಪ್ಪು, ಎಂದು ಬರೆದರು; ಪಕ್ಕದಲ್ಲಿದ್ದ ಪತ್ರಕರ್ತರೊಡನೆ ಮಾತಾಡಿದ ಮೇಲೆ ಹಿಟ್, ಅಂದರೆ ಬ್ಯಾಟರ್‌ನ ಹೊಡೆತದ ಗಳಿಕೆ, ಎಂದು ತಿದ್ದಿದರು; ಮತ್ತೆ ಮನಸ್ಸು ಒಪ್ಪದೆ ಆಟಗಾರರ ಡಗ್‌ಔಟ್‌ಗೆ ಫೋನ್ ಮಾಡಿ ಪೆಸ್ಕಿಯವರನ್ನೇ ವಿಚಾರಿಸಿದರು. ತಪ್ಪು ತನ್ನದೇ ಎಂದು ಪೆಸ್ಕಿ ಒಪ್ಪಿಕೊಂಡಾಗ ಹಿಟ್ ಅಳಿದು ಪುನಃ ಎರರ್ ಆಯಿತು. ಟ್ರಕ್ಸ್ ಆ ಪಂದ್ಯವನ್ನು 1-0ರಿಂದ ಗೆದ್ದರು, ಎದುರಾಳಿಗೆ ಒಂದೂ ಹಿಟ್ ಕೊಡಲಿಲ್ಲ ಎಂದು ದಾಖಲೆಯಾಯಿತು. ಆ ವರ್ಷ ಅವರು 5 ಪಂದ್ಯ ಗೆದ್ದು 19 ಸೋತರು. ಗೆದ್ದ ಐದರಲ್ಲಿ ಎರಡು ಹೀಗೆ ಎದುರಾಳಿಗೆ ಒಂದೂ ಹಿಟ್ ಕೊಡದ ನೋ-ಹಿಟರ್‌ಗಳು.

ಬೇಸ್‌ಬಾಲ್‌ನ ಅತ್ಯಂತ ಅಪರೂಪದ ಸಾಧನೆಗಳಲ್ಲಿ ಒಂದಾದ ನೋ-ಹಿಟರ್ ಹೀಗೆ ಮೈದಾನದಲ್ಲಿ ಬೆವರು ಸುರಿಸದ, ಮೇಲಿನ ಪ್ರೆಸ್ ಬಾಕ್ಸ್‌ನಲ್ಲಿ ಕುಳಿತ ಒಬ್ಬ ವ್ಯಕ್ತಿಯ ತೀರ್ಮಾನದ ಮೇಲೆ ನಿಲ್ಲುವುದುಂಟು. ಕ್ರಿಕೆಟ್ ನೋಡಿ ಬೆಳೆದ ಓದುಗರು ಇಂಥ ಪಂದ್ಯವೊಂದನ್ನು ಕಾಗದ, ಪೆನ್ಸಿಲ್ ಹಿಡಿದು ಹೇಗೆ ಹಿಂಬಾಲಿಸಬೇಕು, ವಿವಾದದ ಚೆಂಡು ಬಂದಾಗ ಸ್ವತಃ ಹೇಗೆ ತೀರ್ಪು ಕೊಡಬೇಕು ಎಂಬುದನ್ನು ಇಲ್ಲಿ ಹಂತಹಂತವಾಗಿ ವಿವರಿಸಿದೆ.

ಮೊದಲ ಹಂತ: ಹಿಟ್ ಎಂದರೇನು, ಏನಲ್ಲ

ಕ್ರಿಕೆಟ್‌ನಲ್ಲಿ ಫೀಲ್ಡರ್ ಸುಲಭದ ಕ್ಯಾಚ್ ಕೈಚೆಲ್ಲಿದರೆ ಸ್ಕೋರ್‌ಕಾರ್ಡ್‌ನಲ್ಲಿ ಅವನ ಹೆಸರು ಎಲ್ಲಿಯೂ ಬರುವುದಿಲ್ಲ. ಓಡಿದ ರನ್ ಬ್ಯಾಟರ್‌ಗೇ ಸೇರುತ್ತದೆ, ಬೌಲರ್ ತಲೆಯ ಮೇಲೆ ಕೈಹೊತ್ತು ಹಿಂದಿರುಗುತ್ತಾನೆ. ಬೇಸ್‌ಬಾಲ್ ಹಾಗೆ ಬಿಡುವುದಿಲ್ಲ. ಬ್ಯಾಟರ್ ತನ್ನ ಹೊಡೆತದ ಬಲದಿಂದ ಬೇಸ್ ತಲುಪಿದನೇ ಅಥವಾ ಫೀಲ್ಡರ್‌ನ ತಪ್ಪಿನಿಂದ ತಲುಪಿದನೇ ಎಂಬುದನ್ನು ಪ್ರತಿ ಬಾರಿಯೂ ಬೇರ್ಪಡಿಸಿ ಬರೆಯಬೇಕು. ಮೊದಲನೆಯದು ಹಿಟ್, ಎರಡನೆಯದು ಎರರ್. ಮೈದಾನದ ದೊಡ್ಡ ಫಲಕದಲ್ಲಿ ರನ್, ಹಿಟ್, ಎರರ್ ಎಂಬ ಮೂರು ಅಂಕಣಗಳು ಪಕ್ಕಪಕ್ಕದಲ್ಲಿ ಇರುವುದು ಇದೇ ಕಾರಣಕ್ಕೆ.

ಹಿಟ್ ಇಲ್ಲದೆಯೂ ಬ್ಯಾಟರ್ ಬೇಸ್ ತಲುಪುವ ದಾರಿಗಳು ಹಲವು: ನಾಲ್ಕು ಬಾಲ್‌ಗಳಿಂದ (ಬ್ಯಾಟರ್ ಬೀಸದೆ ಬಿಟ್ಟ, ಸರಿಯಾದ ಜಾಗದಿಂದ ಆಚೆ ಹೋದ ಎಸೆತಗಳು) ಸಿಗುವ ವಾಕ್, ಪಿಚರ್ ಎಸೆದ ಚೆಂಡು ಮೈಗೆ ತಗಲುವುದು, ಫೀಲ್ಡರ್‌ನ ಎರರ್, ಬೇರೆ ಓಟಗಾರನನ್ನು ಔಟ್ ಮಾಡಲು ಹೋಗಿ ಬ್ಯಾಟರ್‌ನನ್ನು ಬಿಡುವ ಫೀಲ್ಡರ್ಸ್ ಚಾಯ್ಸ್, ಔಟ್ ಮಾಡಬೇಕಿದ್ದ ಮೂರನೇ ಸ್ಟ್ರೈಕ್ (ಬ್ಯಾಟರ್ ಬೀಸಿ ತಪ್ಪಿಸಿಕೊಂಡ ಅಥವಾ ಬಿಟ್ಟ ಸರಿಯಾದ ಎಸೆತ) ಬ್ಯಾಟರ್ ಹಿಂದೆ ಕೂರುವ ಕ್ಯಾಚರ್ ಕೈತಪ್ಪುವುದು, ಕ್ಯಾಚರ್‌ನ ಅಡ್ಡಿ. ಇವುಗಳಲ್ಲಿ ಯಾವುದು ನಡೆದರೂ ನೋ-ಹಿಟರ್ ಕೆಡುವುದಿಲ್ಲ. ಎಡ್ವಿನ್ ಜಾಕ್ಸನ್ 2010ರ ಜೂನ್ 25ರಂದು ಎಂಟು ವಾಕ್ ಕೊಟ್ಟು, 149 ಎಸೆತ ಎಸೆದು ನೋ-ಹಿಟರ್ ಮುಗಿಸಿದರು. ನೋಡಲು ಅಷ್ಟೇನೂ ಅಂದವಿರಲಿಲ್ಲ, ಆದರೆ ದಾಖಲೆ ದಾಖಲೆಯೇ. ಯಾವ ರೀತಿಯಲ್ಲಿಯೂ ಯಾರೂ ಬೇಸ್ ತಲುಪದೆ ಬಂದ 27 ಮಂದಿಯೂ ಸಾಲಾಗಿ ಔಟಾದರೆ ಅದು ಪರ್ಫೆಕ್ಟ್ ಗೇಮ್. ಇದರಿಂದ ಒಂದು ವಿಷಯ ಹೊರಡುತ್ತದೆ: ಎರರ್ ಎಂಬ ತೀರ್ಪು ಪರ್ಫೆಕ್ಟ್ ಗೇಮನ್ನು ಮುಗಿಸುತ್ತದೆ, ನೋ-ಹಿಟರನ್ನು ಉಳಿಸುತ್ತದೆ.

ಎರಡನೇ ಹಂತ: ಹಾಳೆ ಸಿದ್ಧಪಡಿಸಿಕೊಳ್ಳಿ

ಹಾಳೆಯ ಎಡಬದಿಯಲ್ಲಿ ಒಂಬತ್ತು ಬ್ಯಾಟರ್‌ಗಳ ಹೆಸರು, ಮೇಲೆ ಒಂಬತ್ತು ಇನಿಂಗ್‌ಗಳ ಸಂಖ್ಯೆ ಬರೆದು ಚೌಕಗಳನ್ನು ಎಳೆಯಿರಿ. ಫೀಲ್ಡರ್‌ಗಳನ್ನು ಅಂಗಿಯ ಸಂಖ್ಯೆಯಿಂದಲ್ಲ, ನಿಲ್ಲುವ ಸ್ಥಾನದ ಸಂಖ್ಯೆಯಿಂದ ಗುರುತಿಸಬೇಕು: ಪಿಚರ್ 1, ಕ್ಯಾಚರ್ 2, ಮೊದಲ ಬೇಸ್ 3, ಎರಡನೇ ಬೇಸ್ 4, ಮೂರನೇ ಬೇಸ್ 5, ಶಾರ್ಟ್‌ಸ್ಟಾಪ್ 6, ಎಡ ಮೈದಾನ 7, ನಡು ಮೈದಾನ 8, ಬಲ ಮೈದಾನ 9. ಶಾರ್ಟ್‌ಸ್ಟಾಪ್ ಚೆಂಡು ಹಿಡಿದು ಮೊದಲ ಬೇಸ್‌ಗೆ ಎಸೆದು ಔಟ್ ಮಾಡಿದರೆ 6-3 ಎಂದು ಬರೆಯುತ್ತಾರೆ, ಮೂರು ಸ್ಟ್ರೈಕ್‌ಗಳಿಂದ ಔಟಾಗುವ ಸ್ಟ್ರೈಕ್‌ಔಟ್‌ಗೆ ಕೆ, ಎರರ್‌ಗೆ ಇ ಅಕ್ಷರದ ಮುಂದೆ ತಪ್ಪು ಮಾಡಿದವನ ಸಂಖ್ಯೆ. ರಿಜ್ಜುಟೊ ಅವರ ಚೌಕದಲ್ಲಿ ಅಂದು ಹಾಳೆ ಹಿಡಿದವರು ಮೊದಲು ಇ6 ಬರೆದು, ಅಳಿಸಿ ಸಿಂಗಲ್ (ಮೊದಲ ಬೇಸ್‌ವರೆಗಿನ ಹಿಟ್) ಗುರುತು ಹಾಕಿ, ಅದನ್ನೂ ಅಳಿಸಿ ಮತ್ತೆ ಇ6 ಬರೆಯಬೇಕಾಗಿತ್ತು. ಕಾಗದ ಆ ಜಾಗದಲ್ಲಿ ತೆಳುವಾಗಿ ಹಿಂದಿನ ಮೇಜು ಕಾಣುವಷ್ಟಾಗಿದ್ದರೆ ಆಶ್ಚರ್ಯವಿಲ್ಲ. ಆದ್ದರಿಂದ ಪೆನ್ನು ಬೇಡ, ಪೆನ್ಸಿಲ್ ಇರಲಿ, ಜೊತೆಗೆ ಒಳ್ಳೆಯ ರಬ್ಬರ್ ಇರಲಿ.

ಭಾರತದಲ್ಲಿ ಕುಳಿತು ನೋಡುವವರಿಗೆ ಒಂದು ಮಾತು. ಬೇಸಿಗೆಯಲ್ಲಿ ಅಮೆರಿಕದ ಪೂರ್ವ ಕರಾವಳಿಯಲ್ಲಿ ಸಂಜೆ 7:05ಕ್ಕೆ ಆರಂಭವಾಗುವ ಪಂದ್ಯ ನಮಗೆ ಬೆಳಗಿನ ಜಾವ 4:35ಕ್ಕೆ ಸಿಗುತ್ತದೆ. ಕಾಫಿ ಕುಡಿಯುವ ಹೊತ್ತಿಗೆ ಪಂದ್ಯ ಐದಾರನೇ ಇನಿಂಗ್‌ನಲ್ಲಿರುತ್ತದೆ. ಹಿಟ್ ಅಂಕಣದಲ್ಲಿ ಸೊನ್ನೆ ಇನ್ನೂ ಅಲುಗಾಡದೆ ನಿಂತಿದ್ದರೆ ಅಲ್ಲಿಂದ ಮುಂದೆ ಸ್ನಾನ, ತಿಂಡಿ ಎಲ್ಲವನ್ನೂ ಮುಂದೂಡಬೇಕಾಗುತ್ತದೆ.

ಮೂರನೇ ಹಂತ: ಸಾಮಾನ್ಯ ಪ್ರಯತ್ನ ಎಂಬ ಅಳತೆಗೋಲು

ಈ ಮಾರ್ಗದರ್ಶಿಯಲ್ಲಿ ಹೆಚ್ಚು ಸಮಯ ಕೊಡಬೇಕಾದ ಜಾಗ ಇದು. ನಿಯಮಪುಸ್ತಕ ಎರರ್ ತೀರ್ಪಿಗೆ ಇಟ್ಟಿರುವ ಅಳತೆಗೋಲು ಸಾಮಾನ್ಯ ಪ್ರಯತ್ನ ಎಂಬುದು: ಆ ಲೀಗ್‌ನಲ್ಲಿ ಆ ಸ್ಥಾನದಲ್ಲಿ ಆಡುವ ಸರಾಸರಿ ಕೌಶಲದ ಫೀಲ್ಡರ್, ಅಂದಿನ ಮೈದಾನದ ಸ್ಥಿತಿಯನ್ನೂ ಹವಾಮಾನವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ಆ ಚೆಂಡನ್ನು ಔಟ್ ಆಗಿ ಪರಿವರ್ತಿಸಬೇಕಿತ್ತೇ? ಹೌದಾದರೆ ಎರರ್, ಇಲ್ಲವಾದರೆ ಹಿಟ್. ಪ್ರಶ್ನೆ ಪಿಚರ್ ಎಷ್ಟು ಚೆನ್ನಾಗಿ ಎಸೆಯುತ್ತಿದ್ದಾನೆ ಎಂಬುದಲ್ಲ, ಬ್ಯಾಟರ್ ಎಷ್ಟು ಚೆನ್ನಾಗಿ ಹೊಡೆದ ಎಂಬುದೂ ಅಲ್ಲ. ಕೇಳುವುದು ಫೀಲ್ಡರ್‌ನನ್ನು, ಅದೂ ಕಣ್ಣೆದುರು ನಿಂತ ಈ ಫೀಲ್ಡರ್‌ನನ್ನಲ್ಲ, ಇವನ ಜಾಗದಲ್ಲಿ ನಿಂತಿರಬಹುದಾಗಿದ್ದ ಒಬ್ಬ ಸಾಧಾರಣ ಆಟಗಾರನನ್ನು.

ಚೆಂಡು ಹೊಡೆದ ಕ್ಷಣದಿಂದ ಈ ಕ್ರಮದಲ್ಲಿ ಕೇಳಿಕೊಳ್ಳುತ್ತ ಹೋಗಿ. ಚೆಂಡು ಅತಿ ಬಿರುಸಾಗಿ ಬಂದು ಫೀಲ್ಡರ್‌ಗೆ ಅವಕಾಶವೇ ಇರಲಿಲ್ಲವೇ, ಅಥವಾ ತೀರ ನಿಧಾನವಾಗಿ ಉರುಳಿ ಓಟಗಾರನಿಗೆ ಸಮಯ ಕೊಟ್ಟಿತೇ? ಎರಡೂ ಹಿಟ್. ಕಲ್ಲಿಗೋ ಬೇಸ್‌ಗೋ ತಾಗಿ ಅಸಹಜವಾಗಿ ಪುಟಿಯಿತೇ? ಹಿಟ್. ಫೀಲ್ಡರ್ ಹಾರಿ ನೆಲಕ್ಕೆ ಬಿದ್ದು ಚೆಂಡನ್ನು ತಡೆದು, ಎದ್ದು ಎಸೆದದ್ದು ತಡವಾಯಿತೇ? ಅಸಾಧಾರಣ ಫೀಲ್ಡಿಂಗ್ ಮಾಡಿಯೂ ಔಟ್ ಸಿಗದಿದ್ದರೆ ಅದನ್ನು ಹಿಟ್ ಎಂದು ಬರೆಯುವುದೇ ಸುರಕ್ಷಿತ ಎಂದು ನಿಯಮವೇ ಹೇಳುತ್ತದೆ. ಪ್ರಯತ್ನಪಟ್ಟವನಿಗೆ ದಂಡ ಹಾಕಿ, ಪ್ರಯತ್ನವನ್ನೇ ಮಾಡದವನನ್ನು ಬಿಟ್ಟರೆ ಅನ್ಯಾಯವಾದೀತು. ನೇರವಾಗಿ ಬಂದ ಚೆಂಡು ಕಾಲುಗಳ ನಡುವೆ ನುಸುಳಿ ಹೋಯಿತೇ? ಮುಟ್ಟದಿದ್ದರೂ ಎರರ್. ಚೆಂಡು ಸರಿಯಾಗಿ ಹಿಡಿದು ಎಸೆದದ್ದು ದಾರಿ ತಪ್ಪಿತೇ, ಸರಿಯಾದ ಎಸೆತ ಬ್ಯಾಟರ್‌ನನ್ನು ಔಟ್ ಮಾಡುತ್ತಿತ್ತೇ? ಎರರ್. ಇದಕ್ಕೆ ವಿರುದ್ಧವಾಗಿ, ತಪ್ಪು ಬೇಸ್‌ಗೆ ಎಸೆಯುವುದು, ಲೆಕ್ಕ ತಪ್ಪುವುದು ಮುಂತಾದ ಬುದ್ಧಿಯ ತಪ್ಪುಗಳು ಎರರ್ ಅಲ್ಲ. ಕೈಜಾರದೆ ಬರೀ ನಿಧಾನ ಮಾಡಿದ್ದೂ ಎರರ್ ಅಲ್ಲ. ಇವಿಷ್ಟನ್ನೂ ದಾಟಿದ ಮೇಲೆ ಇನ್ನೂ ಅನುಮಾನ ಉಳಿದಿದ್ದರೆ ಲಾಭ ಬ್ಯಾಟರ್‌ಗೆ ಸಲ್ಲಬೇಕು.

ಹೊಸಬರನ್ನು ಬೆಚ್ಚಿಬೀಳಿಸುವ ಒಂದು ನಿಯಮವನ್ನೂ ನೆನಪಿಟ್ಟುಕೊಳ್ಳಿ. ಯಾವ ಫೀಲ್ಡರ್ ಕೂಡ ಮುಟ್ಟದ ಚೆಂಡು ಬೇಸ್‌ಗಳ ನಡುವೆ ಓಡುತ್ತಿರುವ ಬ್ಯಾಟಿಂಗ್ ತಂಡದವನಿಗೇ ತಗಲಿದರೆ ಓಟಗಾರ ಔಟಾಗುತ್ತಾನೆ, ಆದರೆ ಬ್ಯಾಟರ್‌ಗೆ ಹಿಟ್ ಸಿಗುತ್ತದೆ. ಇನ್‌ಫೀಲ್ಡ್ ಫ್ಲೈ ನಿಯಮದಡಿ (ಬೇಸ್‌ಗಳಲ್ಲಿ ಓಟಗಾರರಿದ್ದಾಗ ಒಳಮೈದಾನದ ಸುಲಭದ ಎತ್ತರದ ಚೆಂಡಿಗೆ, ಅದನ್ನು ಹಿಡಿಯುವ ಮೊದಲೇ ಅಂಪೈರ್ ಬ್ಯಾಟರ್‌ನನ್ನು ಔಟ್ ಕೊಡುವ ನಿಯಮ) ಬರುವ ಸಂದರ್ಭವೊಂದೇ ಇದಕ್ಕೆ ಅಪವಾದ. ಹಾಗಾಗಿ ಔಟ್ ಸಿಕ್ಕಿತೆಂದು ಮೈದಾನ ಚಪ್ಪಾಳೆ ಹೊಡೆಯುವ ಹೊತ್ತಿಗೇ ನೋ-ಹಿಟರ್ ಮುಗಿದುಹೋಗಿರುವ ಸಾಧ್ಯತೆ ಇದೆ.

ನಾಲ್ಕನೇ ಹಂತ: ಅಂಪೈರ್ ತೀರ್ಪು ಬೇರೆ, ಸ್ಕೋರರ್ ತೀರ್ಪು ಬೇರೆ

ಈ ಎರಡನ್ನು ಕಲಸಿಬಿಡುವುದು ಸಾಮಾನ್ಯ. ಔಟೇ, ಅಲ್ಲವೇ, ಚೆಂಡು ಗೆರೆಯ ಒಳಗೇ ಹೊರಗೇ ಎಂಬುದು ಅಂಪೈರ್‌ನ ಕೆಲಸ. ಔಟ್ ಆಗಲಿಲ್ಲವೆಂದ ಮೇಲೆ ಯಾಕೆ ಆಗಲಿಲ್ಲ ಎಂದು ಬರೆಯುವುದು ಸ್ಕೋರರ್‌ನ ಕೆಲಸ. 2010ರ ಜೂನ್ 2ರಂದು ಡೆಟ್ರಾಯ್ಟ್‌ನಲ್ಲಿ ಅರ್ಮಾಂಡೊ ಗಲಾರಾಗ ಸತತ 26 ಮಂದಿಯನ್ನು ಔಟ್ ಮಾಡಿದ್ದರು. 27ನೆಯ ಜೇಸನ್ ಡೊನಾಲ್ಡ್ ಸ್ಪಷ್ಟವಾಗಿ ಔಟಾಗಿದ್ದರೂ ಅಂಪೈರ್ ಜಿಮ್ ಜಾಯ್ಸ್ ಸೇಫ್, ಅಂದರೆ ಔಟಲ್ಲ, ಎಂದರು. ಸೇಫ್ ಎಂದಾದ ಮೇಲೆ, ಫೀಲ್ಡಿಂಗ್‌ನಲ್ಲಿ ತಪ್ಪೇ ಇಲ್ಲದ ಆ ಚೆಂಡನ್ನು ಹಿಟ್ ಎಂದು ಬರೆಯದೆ ಸ್ಕೋರರ್‌ಗೆ ದಾರಿಯಿರಲಿಲ್ಲ. ಪಂದ್ಯದ ನಂತರ ಜಾಯ್ಸ್ ತಪ್ಪೊಪ್ಪಿಕೊಂಡರು, ಗಲಾರಾಗ ಕ್ಷಮಿಸಿದರು, ಕಮಿಷನರ್ ಬಡ್ ಸೆಲಿಗ್ ಮಾತ್ರ ತೀರ್ಪು ಬದಲಿಸಲಿಲ್ಲ.

ಎರಡು ವರ್ಷದ ನಂತರ, 2012ರ ಜೂನ್ 1ರಂದು, ಅದೃಷ್ಟ ತಿರುವುಮುರುವಾಯಿತು. ಮೆಟ್ಸ್ ತಂಡದ ಯೋಹಾನ್ ಸಾಂಟಾನ ಎಸೆತದಲ್ಲಿ ಕಾರ್ಲೋಸ್ ಬೆಲ್ಟ್ರಾನ್ ಹೊಡೆದ ಚೆಂಡು ಎಡಗೆರೆಯ ಸುಣ್ಣವನ್ನೇ ಸವರಿಕೊಂಡು ಹೋದರೂ ಅಂಪೈರ್ ಫೌಲ್, ಅಂದರೆ ಗೆರೆಯ ಹೊರಗೆ, ಎಂದರು. 1962ರಿಂದ ಆಡುತ್ತಿದ್ದ ಮೆಟ್ಸ್‌ಗೆ ಆ ರಾತ್ರಿ, 134 ಎಸೆತಗಳ ಕೊನೆಗೆ, ಮೊದಲ ನೋ-ಹಿಟರ್ ದಕ್ಕಿತು. 2014ರಿಂದ ವಿಡಿಯೊ ಮರುಪರಿಶೀಲನೆ ವಿಸ್ತಾರವಾದ ಕಾರಣ ಗಲಾರಾಗ ಅವರಿಗಾದಂಥ ಅನ್ಯಾಯಕ್ಕೆ ಇಂದು ಒಂದೆರಡು ನಿಮಿಷದಲ್ಲಿ ಪರಿಹಾರವಿದೆ. ಹಿಟ್, ಎರರ್ ತೀರ್ಪು ಮಾತ್ರ ಆ ಮರುಪರಿಶೀಲನೆಯ ವ್ಯಾಪ್ತಿಗೆ ಬರುವುದಿಲ್ಲ.

ಐದನೇ ಹಂತ: ಇನಿಂಗ್ ಮರೆತು ತೀರ್ಪು ಕೊಡಿ

ಹೇಳುವುದು ಸುಲಭ, ಮಾಡುವುದು ಕಷ್ಟ. ಮೊದಲ ಹಿಟ್ ಅನುಮಾನಕ್ಕೆ ಎಡೆಯಿಲ್ಲದ ಹಿಟ್ ಆಗಿರಬೇಕು ಎಂಬ ಬರೆಯದ ಕಟ್ಟಳೆಯೊಂದು ಪ್ರೆಸ್ ಬಾಕ್ಸ್‌ನಲ್ಲಿ ಬಹುಕಾಲದಿಂದ ಓಡಾಡುತ್ತಿದೆ. 1917ರ ಮೇ 5ರಂದು ಸೇಂಟ್ ಲೂಯಿಸ್ ಬ್ರೌನ್ಸ್‌ನ ಎರ್ನಿ ಕೂಬ್ ಆಡಿದ ಪಂದ್ಯದಲ್ಲಿ ಮೊದಲ ಇನಿಂಗ್‌ನ ಹಿಟ್ ಒಂದನ್ನು ಪಂದ್ಯ ಮುಗಿದ ಮೇಲೆ ಎರರ್ ಎಂದು ತಿದ್ದಿ ನೋ-ಹಿಟರ್ ದಯಪಾಲಿಸಲಾಯಿತು. ನಿಯಮಪುಸ್ತಕದಲ್ಲಿ ಇಂಥ ಕಟ್ಟಳೆ ಇಲ್ಲ. ಅನುಮಾನದ ಲಾಭ ಬ್ಯಾಟರ್‌ಗೆ ಎಂಬ ಮಾತು ಮೊದಲ ಇನಿಂಗ್‌ನಲ್ಲಿ ಎಷ್ಟು ನಿಜವೋ ಒಂಬತ್ತನೆಯದರಲ್ಲಿಯೂ ಅಷ್ಟೇ ನಿಜ. ಆದ್ದರಿಂದ ಅಭ್ಯಾಸಕ್ಕಾಗಿ ಹೀಗೆ ಮಾಡಿ: ವಿವಾದದ ಚೆಂಡು ಬಂದೊಡನೆ ಹಾಳೆಯ ಉಳಿದ ಚೌಕಗಳನ್ನು ಅಂಗೈಯಿಂದ ಮುಚ್ಚಿ, ಇದು ಪಂದ್ಯದ ಎರಡನೇ ಬ್ಯಾಟರ್ ಎಂದುಕೊಂಡು ಬರೆಯಿರಿ. ಬರೆದ ಮೇಲೆ ಕೈ ತೆಗೆಯಿರಿ. ನಾನು ಹಳೆಯ ಪಂದ್ಯಗಳ ದೃಶ್ಯಗಳನ್ನು ಹೀಗೆ ನೋಡತೊಡಗಿದ ಮೇಲೆ ನನ್ನ ಎರರ್‌ಗಳಲ್ಲಿ ಹಲವು ಹಿಟ್‌ಗಳಾದವು.

ಎರಡು ಪಂದ್ಯಗಳನ್ನು ಹೀಗೆ ಪರೀಕ್ಷಿಸಿ ನೋಡಬಹುದು. 2012ರ ಜೂನ್ 13ರಂದು ಮೆಟ್ಸ್‌ನ ಆರ್. ಎ. ಡಿಕಿ ಟ್ಯಾಂಪಾ ಬೇ ವಿರುದ್ಧ ಕೊಟ್ಟದ್ದು ಒಂದೇ ಹಿಟ್: ಮೊದಲ ಇನಿಂಗ್‌ನಲ್ಲಿ ಬಿ. ಜೆ. ಅಪ್ಟನ್ ಹೊಡೆದ, ನೆಲಕ್ಕೆ ಬಡಿದು ಎತ್ತರಕ್ಕೆ ಪುಟಿದ ಚೆಂಡು. ಮೂರನೇ ಬೇಸ್‌ನ ಡೇವಿಡ್ ರೈಟ್ ಮುಂದೆ ಓಡಿಬಂದು, ಗ್ಲೌಸ್ ಬಳಸಲು ಸಮಯವಿಲ್ಲವೆಂದು ಬರಿಗೈಯಿಂದ ಹಿಡಿಯಲು ಹೋದರು, ಸಿಗಲಿಲ್ಲ. ಅಪ್ಟನ್ ವೇಗದ ಓಟಗಾರ. ಸಾಧಾರಣ ಫೀಲ್ಡರ್ ಅಲ್ಲಿ ಬರಿಗೈಯಲ್ಲಿ ಔಟ್ ಮಾಡಲೇಬೇಕಿತ್ತು ಎನ್ನುವುದು ಹೇಗೆ? ಮೆಟ್ಸ್ ಮೇಲ್ಮನವಿ ಸಲ್ಲಿಸಿತು, ಲೀಗ್ ತಿರಸ್ಕರಿಸಿತು. ತಿರಸ್ಕರಿಸಿದ್ದೇ ಸರಿ ಎಂದು ನನ್ನ ಅಭಿಪ್ರಾಯ. 2008ರ ಆಗಸ್ಟ್ 31ರಂದು ಪಿಟ್ಸ್‌ಬರ್ಗ್‌ನಲ್ಲಿ ಮಿಲ್ವಾಕಿ ಬ್ರೂವರ್ಸ್‌ನ ಸಿ. ಸಿ. ಸಬಾತಿಯ ಅವರದು ಇನ್ನೂ ಕಗ್ಗಂಟು. ಐದನೇ ಇನಿಂಗ್‌ನಲ್ಲಿ ಆಂಡಿ ಲರೋಶ್ ಬ್ಯಾಟ್‌ನ ಅರೆಬೀಸಿಗೆ ತಾಗಿದ ಚೆಂಡು ಪಿಚರ್ ಕಡೆಗೇ ಉರುಳಿತು. ಸಬಾತಿಯ ಬರಿಗೈಯಿಂದ ಎತ್ತಲು ಹೋಗಿ ಕೈಜಾರಿಸಿದರು. ಹಿಟ್ ಎಂದು ಬರೆಯಲಾಯಿತು, ಅದೊಂದೇ ಹಿಟ್ ಉಳಿಯಿತು, ಬ್ರೂವರ್ಸ್ ಮನವಿಯೂ ಬಿದ್ದುಹೋಯಿತು. ಇಲ್ಲಿ ನನ್ನ ಪೆನ್ಸಿಲ್ ಇ1 ಕಡೆಗೇ ವಾಲುತ್ತದೆ, ಆದರೆ ತೀರ್ಪು ಎದ್ದುಕಾಣುವಷ್ಟು ತಪ್ಪು ಎನ್ನಲಾರೆ.

ಇಬ್ಬರು ಫೀಲ್ಡರ್‌ಗಳ ನಡುವೆ ಯಾರೂ ಮುಟ್ಟದೆ ಬೀಳುವ ಎತ್ತರದ ಚೆಂಡು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ನೀನು ಹಿಡಿ, ನಾನು ಹಿಡಿಯುತ್ತೇನೆ ಎಂಬ ಗೊಂದಲದಲ್ಲಿ ಬಿದ್ದ ಅಂಥ ಚೆಂಡನ್ನು ಇಡೀ ತಂಡದ ತಪ್ಪು ಎಂದು ಬರೆಯಲು ನಿಯಮದಲ್ಲಿ ಅವಕಾಶವಿಲ್ಲ. ಎರರ್ ಕೊಡಬೇಕಾದರೆ ಒಬ್ಬನ ಹೆಸರಿಗೇ ಕೊಡಬೇಕು. 1973ರ ಆಗಸ್ಟ್ 29ರಂದು ನೋಲನ್ ರಯಾನ್ ಎಸೆತದಲ್ಲಿ ಥರ್ಮನ್ ಮನ್ಸನ್ ಹೊಡೆದ ಚೆಂಡು ಮೊದಲ ಇನಿಂಗ್‌ನಲ್ಲಿಯೇ ಹೀಗೆ ಇಬ್ಬರ ನಡುವೆ ಬಿತ್ತು, ಹಿಟ್ ಎಂದಾಯಿತು, ಪಂದ್ಯದಲ್ಲಿ ಮತ್ತೊಂದು ಹಿಟ್ ಬರಲಿಲ್ಲ. ಕೊನೆಗೆ ಏಳು ನೋ-ಹಿಟರ್‌ಗಳನ್ನು ಗಳಿಸಿದ ರಯಾನ್‌ಗೆ ಎಂಟನೆಯದು ತಪ್ಪಿದ್ದು ಹೀಗೆ.

ಆರನೇ ಹಂತ: ಡಗ್‌ಔಟ್ ಕಡೆಗೂ ಒಂದು ಕಣ್ಣಿರಲಿ

ಆರನೇ ಇನಿಂಗ್ ದಾಟಿದ ಮೇಲೆ ಪಿಚರ್ ಪಕ್ಕದ ಆಸನ ಖಾಲಿಯಾಗುತ್ತದೆ. ನೋ-ಹಿಟರ್ ಎಂಬ ಪದವನ್ನು ಯಾರೂ ಉಚ್ಚರಿಸುವುದಿಲ್ಲ, ಅವನೊಡನೆ ಯಾರೂ ಮಾತಾಡುವುದಿಲ್ಲ. ದೃಷ್ಟಿ ತಾಗೀತೆಂಬ ಭಯ ಅಲ್ಲಿಯೂ ಇದೆ. 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಅನಿಲ್ ಕುಂಬ್ಳೆ ಒಂಬತ್ತು ವಿಕೆಟ್ ಪಡೆದಿದ್ದಾಗ ಜಾವಗಲ್ ಶ್ರೀನಾಥ್ ಹತ್ತನೆಯದು ತಮಗೆ ಬೀಳದಿರಲೆಂದು ಚೆಂಡನ್ನು ಸ್ಟಂಪ್‌ನಿಂದ ಆಚೆ ಎಸೆದದ್ದು ನಮಗೆ ನೆನಪಿದೆ. ಬೇಸ್‌ಬಾಲ್‌ನ ಸಹ ಆಟಗಾರನಿಗೆ ಆ ರೀತಿಯ ಉಪಕಾರದ ದಾರಿಯಿಲ್ಲ. ಅವನು ಚೆಂಡು ಹಿಡಿಯಬೇಕು. ಹಿಡಿಯದಿದ್ದರೆ, ತಪ್ಪು ತನ್ನ ಹೆಸರಿಗೆ ಬರಲಿ ಎಂದು ಆಸೆಪಡಬೇಕು. ತನ್ನ ತಂಡದವನೇ ತಪ್ಪು ಮಾಡಿದ ಎಂದು ಫಲಕದಲ್ಲಿ ಎರರ್ ಬೆಳಗಿದಾಗ ತವರಿನ ಪ್ರೇಕ್ಷಕರು ಎದ್ದು ಚಪ್ಪಾಳೆ ತಟ್ಟುವ ವಿಚಿತ್ರವನ್ನು ಬೇರೆ ಆಟದಲ್ಲಿ ನಾನು ಕಂಡಿಲ್ಲ. ಪೆಸ್ಕಿ ಫೋನಿನಲ್ಲಿ ಕೊಟ್ಟ ಉತ್ತರವನ್ನು ಈ ಬೆಳಕಿನಲ್ಲಿ ಇನ್ನೊಮ್ಮೆ ಓದಿಕೊಳ್ಳಬಹುದು: ಅವರು ನಿಜವನ್ನೇ ಹೇಳಿರಬಹುದು, ಆದರೆ ಹಾಗೆ ಹೇಳಲು ಕಾರಣವೂ ಇತ್ತು. ಆಟಗಾರನನ್ನು ಕೇಳಿ ತೀರ್ಪು ಬರೆಯುವುದು ಆದ್ದರಿಂದಲೇ ಒಳ್ಳೆಯ ಪದ್ಧತಿಯಲ್ಲ.

ಏಳನೇ ಹಂತ: ದಾಖಲೆಗೆ ಸೇರುತ್ತದೆಯೇ ಎಂದು ನೋಡಿ

ಹಿಟ್ ಸೊನ್ನೆ ಇದ್ದ ಮಾತ್ರಕ್ಕೆ ಎಲ್ಲವೂ ಅಧಿಕೃತ ಪಟ್ಟಿಗೆ ಸೇರುವುದಿಲ್ಲ. ಕಮಿಷನರ್ ಫೇ ವಿನ್ಸೆಂಟ್ ಅಧ್ಯಕ್ಷತೆಯ ಸಮಿತಿ 1991ರಲ್ಲಿ ವ್ಯಾಖ್ಯೆಯನ್ನು ಬಿಗಿಗೊಳಿಸಿತು: ಪಿಚರ್ ಅಥವಾ ಪಿಚರ್‌ಗಳು ಕನಿಷ್ಠ ಒಂಬತ್ತು ಇನಿಂಗ್ ಎಸೆದಿರಬೇಕು, ಕೊನೆಯವರೆಗೂ ಹಿಟ್ ಇರಬಾರದು. ಆ ಒಂದು ನಿರ್ಧಾರದಿಂದ 50 ಹಳೆಯ ನೋ-ಹಿಟರ್‌ಗಳು ಪಟ್ಟಿಯಿಂದ ಉದುರಿದವು. 1959ರ ಮೇ 26ರಂದು ಹಾರ್ವಿ ಹ್ಯಾಡಿಕ್ಸ್ ಮಿಲ್ವಾಕಿಯಲ್ಲಿ ಹನ್ನೆರಡು ಇನಿಂಗ್‌ಗಳಲ್ಲಿ 36 ಮಂದಿಯನ್ನೂ ಸಾಲಾಗಿ ಔಟ್ ಮಾಡಿ, ಹದಿಮೂರನೆಯದರಲ್ಲಿ ಮೂರನೇ ಬೇಸ್‌ನ ಡಾನ್ ಹೋಕ್ ಎಸೆತ ತಪ್ಪಿ ಒಬ್ಬ ಬೇಸ್ ತಲುಪಿದ ಮೇಲೆ, ಜೋ ಆಡ್‌ಕಾಕ್‌ಗೆ ಹಿಟ್ ಕೊಟ್ಟು 1-0ರಿಂದ ಸೋತಿದ್ದರು. ಅದೂ ಹೋಯಿತು.

ಆಂಡಿ ಹಾಕಿನ್ಸ್ ಅವರದ್ದು ನಗಬೇಕೋ ಅಳಬೇಕೋ ತಿಳಿಯದ ಕಥೆ. 1990ರ ಜುಲೈ 1ರಂದು ಶಿಕಾಗೊದಲ್ಲಿ ಯಾಂಕೀಸ್ ಪರ ಎಂಟನೇ ಇನಿಂಗ್‌ನಲ್ಲಿ ಇಬ್ಬರನ್ನು ಔಟ್ ಮಾಡಿದ್ದರು. ಸ್ಯಾಮಿ ಸೋಸಾ ಹೊಡೆದ ಚೆಂಡನ್ನು ಮೂರನೇ ಬೇಸ್‌ನ ಮೈಕ್ ಬ್ಲೋವರ್ಸ್ ಸರಿಯಾಗಿ ಹಿಡಿಯಲಿಲ್ಲ. ಮೊದಲು ಹಿಟ್ ಎಂದದ್ದು ನಂತರ ಎರರ್ ಆಯಿತು. ಎರಡು ವಾಕ್ ಆಗಿ ಬೇಸ್‌ಗಳು ತುಂಬಿದವು. ಎಡ ಮೈದಾನದಲ್ಲಿ ಒಂದು ಕ್ಯಾಚ್ ಬಿತ್ತು, ಮೂರು ರನ್; ಬೆನ್ನಿಗೇ ಬಲ ಮೈದಾನದಲ್ಲಿ ಇನ್ನೊಂದು ಬಿತ್ತು, ನಾಲ್ಕನೇ ರನ್. ಒಂದೂ ಹಿಟ್ ಕೊಡದೆ 4-0ರಿಂದ ಸೋತರು. ತವರಿನ ತಂಡ ಮುಂದಿದ್ದ ಕಾರಣ ಒಂಬತ್ತನೆಯದರಲ್ಲಿ ಅದು ಬ್ಯಾಟ್ ಮಾಡಲೇ ಇಲ್ಲ, ಹಾಕಿನ್ಸ್ ಎಸೆದದ್ದು ಎಂಟೇ ಇನಿಂಗ್; ಮರುವರ್ಷದ ಹೊಸ ವ್ಯಾಖ್ಯೆ ಆ ಸಮಾಧಾನವನ್ನೂ ಕಸಿದುಕೊಂಡಿತು. 2021ರ ಏಪ್ರಿಲ್ 25ರಂದು ಮ್ಯಾಡಿಸನ್ ಬಮ್‌ಗಾರ್ನರ್ ಅಟ್ಲಾಂಟ ವಿರುದ್ಧ ಹಿಟ್ ಕೊಡದೆ ಮುಗಿಸಿದ್ದು ಏಳೇ ಇನಿಂಗ್‌ಗೆ ನಿಗದಿಯಾದ ಪಂದ್ಯವಾದ್ದರಿಂದ ಲೆಕ್ಕಕ್ಕೆ ಬರಲಿಲ್ಲ. ಆದ್ದರಿಂದ ಹಾಳೆಯ ಕೆಳಗೆ ಫಲಿತಾಂಶ ಬರೆಯುವ ಮೊದಲು ಇನಿಂಗ್‌ಗಳನ್ನು ಎಣಿಸಿ.

ಎಂಟನೇ ಹಂತ: ಹಾಳೆಯನ್ನು ಕೆಲವು ದಿನ ಎತ್ತಿಡಿ

ಸ್ಕೋರರ್ ತನ್ನ ತೀರ್ಪುಗಳನ್ನು ಅಂತಿಮಗೊಳಿಸಲು ಪಂದ್ಯ ಮುಗಿದ ಮೇಲೆ 24 ಗಂಟೆ ಇರುತ್ತದೆ. ತೀರ್ಪು ಒಪ್ಪದ ಆಟಗಾರ ಅಥವಾ ತಂಡ 72 ಗಂಟೆಯೊಳಗೆ ಲೀಗ್‌ನ ಹಿರಿಯ ಅಧಿಕಾರಿಗೆ ಮನವಿ ಕೊಡಬಹುದು. ತೀರ್ಪು ಸ್ಪಷ್ಟವಾಗಿ ತಪ್ಪೆಂದು ಕಂಡರೆ ಅವರು ಬದಲಿಸಬಹುದು.

2014ರ ಮೇ 9ರಂದು ಟೆಕ್ಸಾಸ್‌ನ ಯು ಡಾರ್ವಿಶ್ ಬಾಸ್ಟನ್‌ನ ಮೊದಲ 20 ಮಂದಿಯನ್ನು ಔಟ್ ಮಾಡಿದ್ದರು. ಏಳನೇ ಇನಿಂಗ್‌ನಲ್ಲಿ ಡೇವಿಡ್ ಓರ್ಟಿಜ್ ಹೊಡೆದ ಎತ್ತರದ ಚೆಂಡು ಎರಡನೇ ಬೇಸ್‌ನ ರೂಗ್ನೆಡ್ ಓಡೋರ್ ಮತ್ತು ಬಲ ಮೈದಾನದ ಅಲೆಕ್ಸ್ ರಿಯೋಸ್ ನಡುವೆ ಯಾರೂ ಮುಟ್ಟದೆ ಬಿತ್ತು. ರಿಯೋಸ್ ಹೆಸರಿಗೆ ಎರರ್ ಬಂತು. ಪರ್ಫೆಕ್ಟ್ ಗೇಮ್ ಹೋಯಿತು, ನೋ-ಹಿಟರ್ ಉಳಿಯಿತು. ಒಂಬತ್ತನೆಯದರಲ್ಲಿ ಇಬ್ಬರು ಔಟಾದ ಮೇಲೆ ಅದೇ ಓರ್ಟಿಜ್ ಸಂದೇಹಕ್ಕೆ ಎಡೆಯಿಲ್ಲದ ಹಿಟ್ ಹೊಡೆದು ಅದನ್ನೂ ಮುಗಿಸಿದರು. ಕೆಲವು ದಿನಗಳ ನಂತರ ಲೀಗ್ ಏಳನೇ ಇನಿಂಗ್‌ನ ತೀರ್ಪನ್ನು ಬದಲಿಸಿ ಅದನ್ನೂ ಓರ್ಟಿಜ್‌ಗೆ ಹಿಟ್ ಎಂದು ಕೊಟ್ಟಿತು. ಅಂದರೆ ಎರಡು ಇನಿಂಗ್‌ಗಳ ಕಾಲ ಸಾವಿರಾರು ಜನ ಉಸಿರು ಬಿಗಿಹಿಡಿದು ನೋಡಿದ ನೋ-ಹಿಟರ್ ದಾಖಲೆಯ ಪ್ರಕಾರ ಅಲ್ಲಿರಲೇ ಇಲ್ಲ. ಆ ರಾತ್ರಿ ಹಾಳೆ ತುಂಬಿದವರು ಓರ್ಟಿಜ್ ಅವರ ಏಳನೇ ಇನಿಂಗ್‌ನ ಚೌಕಕ್ಕೆ ಹಿಂದಿರುಗಿ, ಇ9 ಅಳಿಸಿ, ಸಿಂಗಲ್ ಗುರುತು ಹಾಕಿ, ಹಾಳೆಯ ಅಂಚಿನಲ್ಲಿ ಹಿಟ್‌ಗಳ ಮೊತ್ತವನ್ನು ಒಂದರಿಂದ ಎರಡಕ್ಕೆ ತಿದ್ದಬೇಕಾಯಿತು.